ಮುಳ್ಳು ಬಿದ್ದ ಮಾತ್ರಕ್ಕೆ ಮೀಟರ್ ಬದಲಿಸಬೇಡಿ: ಮೊದಲು ಗೇರ್‌ಬಾಕ್ಸ್ ಕಡೆ ನೋಡಿ

ಪ್ರಶ್ನೆ: ನಮ್ಮದು 2012ರ ಪೆಟ್ರೋಲ್ ಹ್ಯಾಚ್‌ಬ್ಯಾಕ್. 1 ಲಕ್ಷ 12 ಸಾವಿರ ಕಿ.ಮೀ. ಓಡಿದೆ, ಎಬಿಎಸ್ (ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ವ್ಯವಸ್ಥೆ) ಇಲ್ಲ. ಹೋದ ತಿಂಗಳು ಕ್ಲಚ್ ಪ್ಲೇಟ್ ಹಾಕಿಸಿದೆವು. ಅವತ್ತಿನಿಂದ ಸ್ಪೀಡೋಮೀಟರ್ ಮುಳ್ಳು ಓಡುತ್ತಾ ಓಡುತ್ತಾ ಸೊನ್ನೆಗೆ ಬೀಳುತ್ತದೆ. ರಸ್ತೆಯ ಉಬ್ಬು ದಾಟಿದಾಗ ಕೆಲವೊಮ್ಮೆ ತಾನೇ ಏಳುತ್ತದೆ. ಮುಳ್ಳು ಬಿದ್ದಾಗ ಕಿಲೋಮೀಟರ್ ಅಂಕಿಯೂ ನಿಲ್ಲುತ್ತದೆ. ಪೆಟ್ರೋಲ್, ಟೆಂಪರೇಚರ್, ಆರ್‌ಪಿಎಂ ಎಲ್ಲ ಸರಿಯಾಗಿ ತೋರಿಸುತ್ತವೆ. ಈಗ ಚೆಕ್ ಎಂಜಿನ್ ದೀಪ ಹತ್ತಿದೆ, ನಿಧಾನ ಮಾಡಿ ನಿಲ್ಲಿಸುವಾಗ ಎಂಜಿನ್ ಬಂದ್ ಆಗುತ್ತಿದೆ. ಅಂಗಡಿಯವರು ಸೆಕೆಂಡ್ ಹ್ಯಾಂಡ್ ಮೀಟರ್ ಕೂರಿಸುತ್ತೇವೆ, 4,500 ರೂಪಾಯಿ ಆಗುತ್ತದೆ ಅನ್ನುತ್ತಾರೆ. ಹಾಕಿಸಬಹುದೇ?
ಸಿಂಧನೂರಿನ ಓದುಗರು

ಉತ್ತರ: ಹಾಕಿಸಬೇಡಿ. ಮೀಟರ್ ಕೆಟ್ಟಿದೆ ಎಂದು ತೋರಿಸುವ ಒಂದು ಲಕ್ಷಣವೂ ನಿಮ್ಮ ಪತ್ರದಲ್ಲಿಲ್ಲ. ಗೇರ್‌ಬಾಕ್ಸ್ ಮೇಲಿರುವ ಸ್ಪೀಡ್ ಸೆನ್ಸರ್, ಅದರ ಕಪ್ಲರ್ (ವೈರ್ ಸಿಕ್ಕಿಸುವ ಕನೆಕ್ಟರ್), ಅಲ್ಲಿಂದ ಹೊರಡುವ ವೈರ್, ಈ ಮೂರರಲ್ಲಿ ಒಂದರಲ್ಲಿ ತೊಂದರೆ ಇರುವ ಸಾಧ್ಯತೆಯೇ ಹೆಚ್ಚು. ಕ್ಲಚ್ ಕೆಲಸಕ್ಕೆ ಗೇರ್‌ಬಾಕ್ಸ್ ಇಳಿಸಿದಾಗ ಕೈ ಬಿದ್ದ ಜಾಗಗಳೂ ಇವೇ. ಹತ್ತರ ಪಾನಾ, ಜಾಕಿ ಮತ್ತು ಒಂದು ಸಾಧಾರಣ ಡಿಜಿಟಲ್ ಮಲ್ಟಿಮೀಟರ್ ಇದ್ದರೆ ಅರ್ಧ ದಿನದಲ್ಲಿ ಪತ್ತೆ ಹಚ್ಚಬಹುದು.

ಅದಕ್ಕೂ ಮೊದಲು ಒಂದು ಎಚ್ಚರಿಕೆ. ನಿಧಾನ ಮಾಡುವಾಗ ಎಂಜಿನ್ ನಿಲ್ಲುವುದನ್ನು ಸಣ್ಣ ವಿಷಯವೆಂದು ಬಿಡಬೇಡಿ. ಎಂಜಿನ್ ನಿಂತ ಮೇಲೆ ಬ್ರೇಕ್ ಬೂಸ್ಟರಿನಲ್ಲಿ (ಪೆಡಲನ್ನು ಹಗುರ ಮಾಡುವ ಭಾಗ) ಉಳಿಯುವ ವ್ಯಾಕ್ಯೂಮ್ ಎರಡು ಮೂರು ಸಲ ತುಳಿಯುವಷ್ಟರಲ್ಲಿ ಮುಗಿಯುತ್ತದೆ, ಆಮೇಲೆ ಪೆಡಲ್ ಕಲ್ಲಾಗುತ್ತದೆ. ಪವರ್ ಸ್ಟಿಯರಿಂಗ್ ಕೂಡ ಭಾರವಾಗುತ್ತದೆ. ಭತ್ತದ ಲಾರಿ, ಟ್ರ್ಯಾಕ್ಟರ್‌ಗಳ ನಡುವೆ ಹೀಗಾದರೆ ಅಪಾಯ. ರಿಪೇರಿ ಆಗುವ ತನಕ ಹೆದ್ದಾರಿಗೆ ಒಯ್ಯಬೇಡಿ. ಊರೊಳಗೆ ಓಡಿಸಲೇಬೇಕಾದಾಗ ಎಂಜಿನ್ ನಿಂತರೆ ಬ್ರೇಕನ್ನು ಪದೇ ಪದೇ ತುಳಿಯದೆ ಒಂದೇ ಸಲ ಒತ್ತಿ ಹಿಡಿದು ಕಾರು ನಿಲ್ಲಿಸಿ.

ಈಗ ಲಕ್ಷಣಗಳಿಗೆ ಬರೋಣ. ಬೇರೆ ಮುಳ್ಳುಗಳೆಲ್ಲ ಸರಿಯಿವೆ, ಅಂದರೆ ಮೀಟರಿಗೆ ಕರೆಂಟ್ ಮತ್ತು ಅರ್ಥ್ ಸರಿಯಾಗಿ ಬರುತ್ತಿವೆ, ಫ್ಯೂಸ್ ಹೋಗಿಲ್ಲ. ವೇಗದ ಮುಳ್ಳು ಮತ್ತು ಕಿಲೋಮೀಟರ್ ಅಂಕಿ ಮೀಟರಿನೊಳಗೆ ಬೇರೆ ಬೇರೆ ಭಾಗಗಳು, ಆದರೆ ಎರಡಕ್ಕೂ ಮೂಲ ಒಂದೇ ಸೆನ್ಸರ್. ಮುಳ್ಳು ಮಾತ್ರ ಸತ್ತು ಅಂಕಿ ಓಡುತ್ತಿದ್ದರೆ ಮೀಟರನ್ನೇ ಅನುಮಾನಿಸಬೇಕಿತ್ತು. ಎರಡೂ ಒಟ್ಟಿಗೆ ನಿಂತು ಒಟ್ಟಿಗೆ ಏಳುತ್ತಿವೆ ಎಂದರೆ ಸಿಗ್ನಲ್ಲೇ ಬರುತ್ತಿಲ್ಲ. ಎಂಜಿನ್ ಬಂದ್ ಆಗುವುದಕ್ಕೂ ಇದೇ ಕಾರಣ. ಕಾರು ಇನ್ನೂ ಉರುಳುತ್ತಿದೆಯೋ ನಿಂತಿದೆಯೋ ಎಂಬುದನ್ನು ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಇದೇ ಸಿಗ್ನಲಿನಿಂದ ತಿಳಿಯುತ್ತದೆ, ಉರುಳುತ್ತಿದ್ದರೆ ಐಡ್ಲಿಂಗನ್ನು ಸ್ವಲ್ಪ ಮೇಲೆ ಹಿಡಿದಿಡುತ್ತದೆ. ಸಿಗ್ನಲ್ ಇಲ್ಲದಾಗ ಆ ಆಸರೆ ತಪ್ಪಿ ಆರ್‌ಪಿಎಂ ಕುಸಿದು ಎಂಜಿನ್ ಆರುತ್ತದೆ. ಉಬ್ಬು ದಾಟಿದಾಗ ಮುಳ್ಳು ಏಳುವುದಂತೂ ಎಲ್ಲೋ ಸಡಿಲವಿದೆ ಎನ್ನುವುದಕ್ಕೆ ಬಲವಾದ ಗುರುತು.

ಒಂದು ಅಪವಾದವಿದೆ. ಕೆಲವು ಕಾರುಗಳಲ್ಲಿ ಸೆನ್ಸರ್ ವೈರ್ ಮೊದಲು ಮೀಟರಿಗೆ ಬಂದು, ಅಲ್ಲಿಂದ ಇಸಿಯುಗೆ ಹೋಗುತ್ತದೆ. ಅಂಥ ಕಾರಿನಲ್ಲಿ ಇಸಿಯುಗೆ ಸಿಗ್ನಲ್ ತಪ್ಪಿದರೂ ಮೀಟರಿನ ಮೇಲಿನ ಅನುಮಾನ ಪೂರ್ತಿ ಹೋಗುವುದಿಲ್ಲ. ಆದ್ದರಿಂದಲೇ ಊಹೆ ಬಿಟ್ಟು ಅಳೆದು ನೋಡಬೇಕು.

ಸ್ಟಿಯರಿಂಗ್ ಕೆಳಗಿನ 16 ಪಿನ್ನಿನ ಸಾಕೆಟ್ಟಿಗೆ ಸ್ಕ್ಯಾನರ್ ಹಾಕಿಸಿ. ಮೊಬೈಲಿಗೆ ಬ್ಲೂಟೂತ್‌ನಲ್ಲಿ ಸೇರುವ ಅಗ್ಗದ ಸ್ಕ್ಯಾನರ್ ಕೂಡ ನಡೆಯುತ್ತದೆ. ಪಿ0500 ಕೋಡ್ ಬಂದರೆ ಸ್ಪೀಡ್ ಸಿಗ್ನಲ್ ಇಲ್ಲ ಎಂದರ್ಥ, ಪಿ0503 ಬಂದರೆ ಬಿಟ್ಟು ಬಿಟ್ಟು ಬರುತ್ತಿದೆ ಎಂದರ್ಥ. ಕೋಡ್ ಓದಿ ಅಲ್ಲಿಗೇ ನಿಲ್ಲಿಸಬೇಡಿ. ಲೈವ್ ಡೇಟಾದಲ್ಲಿ (ಕಾರು ಓಡುತ್ತಿರುವಾಗಲೇ ಕಾಣುವ ಅಂಕಿಗಳು) ವಾಹನದ ವೇಗ ತೆರೆದು, ಪಕ್ಕದಲ್ಲಿ ಒಬ್ಬರನ್ನು ಕೂರಿಸಿಕೊಂಡು ಖಾಲಿ ರಸ್ತೆಯಲ್ಲಿ ನಿಧಾನವಾಗಿ ಓಡಿಸಿ. ಮುಳ್ಳು ಬಿದ್ದ ಕ್ಷಣದಲ್ಲಿ ಸ್ಕ್ಯಾನರಿನಲ್ಲೂ ಸೊನ್ನೆ ಬಂದರೆ ತೊಂದರೆ ಹೆಚ್ಚಾಗಿ ಸೆನ್ಸರ್ ಕಡೆ (ಮೇಲೆ ಹೇಳಿದ ಅಪವಾದದ ಕಾರುಗಳಲ್ಲಿ ಮಾತ್ರ ಮೀಟರನ್ನೂ ಅಳೆದು ನೋಡಬೇಕು). ಸ್ಕ್ಯಾನರ್ 30 ತೋರಿಸುತ್ತಾ ಮುಳ್ಳು ಮಾತ್ರ ಬಿದ್ದಿದ್ದರೆ ಮೀಟರ್ ಅಥವಾ ಮೀಟರಿಗೆ ಹೋಗುವ ವೈರ್. ನಾಲ್ಕೂವರೆ ಸಾವಿರ ಖರ್ಚು ಮಾಡುವ ಮೊದಲು ಈ ಒಂದು ಪರೀಕ್ಷೆ ಆಗಲೇಬೇಕು.

ಸೆನ್ಸರ್ ಹುಡುಕುವುದು ಸ್ವಲ್ಪ ಕಷ್ಟ. ಗೇರ್‌ಬಾಕ್ಸಿನ ಹಿಂಬದಿಯಲ್ಲಿ, ಚಕ್ರದ ಡ್ರೈವ್ ಶಾಫ್ಟ್ ಹೊರಬರುವ ಜಾಗದ ಮೇಲ್ಗಡೆ, ಹೆಬ್ಬೆರಳಿನಷ್ಟು ದಪ್ಪದ ಕಪ್ಪು ಪ್ಲಾಸ್ಟಿಕ್ ತುಂಡಿಗೆ ಮೂರು ವೈರಿನ ಕಪ್ಲರ್ ಇರುತ್ತದೆ. ಹಲವು ಕಾರುಗಳಲ್ಲಿ ಏರ್ ಫಿಲ್ಟರ್ ಡಬ್ಬಿ ತೆಗೆಯದೆ ಅದು ಕಾಣಿಸುವುದೇ ಇಲ್ಲ. ಕಪ್ಲರನ್ನು ಕೀಳುವ ಮೊದಲು ಹಾಗೇ ಬೆರಳಿನಿಂದ ಒತ್ತಿ ನೋಡಿ. ಟಕ್ ಎಂದು ಕೂತರೆ ಕ್ಲಚ್ ಹಾಕಿದವರು ಅದನ್ನು ಪೂರ್ತಿ ಒತ್ತಿರಲಿಲ್ಲ ಎಂದೇ ಅರ್ಥ, ನಿಮ್ಮ ಕೆಲಸ ಅಲ್ಲಿಗೇ ಮುಗಿಯಬಹುದು. ಲಾಕ್ ಕಿವಿ ಮುರಿದಿದ್ದರೆ ಒತ್ತಿದರೂ ಮತ್ತೆ ಸರಿದು ಬರುತ್ತದೆ.

ಒತ್ತಿದರೂ ಸರಿಹೋಗದಿದ್ದರೆ ಕಪ್ಲರ್ ಬಿಚ್ಚಿ ಒಳಗೆ ನೋಡಿ. ಗೇರ್ ಆಯಿಲ್ ಒಸರಿದ್ದರೆ ಸೆನ್ಸರಿನ ಒಳಸೀಲ್ ಹೋಗಿದೆ, ಸೆನ್ಸರ್ ಬದಲಿಸಬೇಕು. ಹಸಿರು ಪಾಚಿಯಂಥದ್ದು ಕಂಡರೆ ನೀರು ಇಳಿದಿದೆ, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಒಣಗಿಸಿ. ವೈರ್ ಕಡೆಯ ಕಪ್ಲರಿನೊಳಗಿನ ಹಿತ್ತಾಳೆ ನಾಲಗೆಗಳು ಅಗಲವಾಗಿದ್ದರೆ ಹೊಲಿಗೆ ಸೂಜಿಯ ತುದಿಯಿಂದ ಒಳಕ್ಕೆ ಕೂದಲೆಳೆಯಷ್ಟು ಒತ್ತಿ. ಉಬ್ಬು ದಾಟಿದಾಗ ಏಳುವ ಮುಳ್ಳಿಗೆ ಈ ಅಗಲವಾದ ನಾಲಗೆ ಬಹಳ ಸಲ ಕಾರಣವಾಗಿರುತ್ತದೆ.

ಇನ್ನು ಅಳತೆ. ಕಪ್ಲರ್ ಬಿಚ್ಚಿಟ್ಟು, ಕೀ ಆನ್ ಮಾಡಿ, ಎಂಜಿನ್ ಶುರು ಮಾಡದೆ, ಮಲ್ಟಿಮೀಟರನ್ನು 20 ವೋಲ್ಟ್ ಡಿಸಿಗೆ ಇಡಿ. ಕಪ್ಪು ತುದಿ ಬ್ಯಾಟರಿಯ ಮೈನಸ್ಸಿಗೆ, ಕೆಂಪು ತುದಿ ವೈರ್ ಕಡೆಯ ಮೂರೂ ಪಿನ್ನುಗಳಿಗೆ ಒಂದೊಂದಾಗಿ. ಒಂದರಲ್ಲಿ ಬ್ಯಾಟರಿಯಷ್ಟೇ, ಅಂದರೆ ಸುಮಾರು 12 ವೋಲ್ಟ್ ಬರಬೇಕು (ಕೆಲವು ಕಾರುಗಳಲ್ಲಿ 5). ಇನ್ನೊಂದರಲ್ಲಿ ಸೊನ್ನೆ, ಅದು ಅರ್ಥ್. ಮೂರನೆಯದು ಸಿಗ್ನಲ್, ಅಲ್ಲಿ 5 ವೋಲ್ಟ್ ಅಥವಾ 12ರ ಹತ್ತಿರ ಇರಬೇಕು, ಏಕೆಂದರೆ ಆ ವೋಲ್ಟೇಜನ್ನು ಮೀಟರ್ ಅಥವಾ ಇಸಿಯು ಕಳಿಸಿರುತ್ತದೆ, ಅದನ್ನು ಅರ್ಥಿಗೆ ಎಳೆದು ಬಿಡುವುದಷ್ಟೇ ಸೆನ್ಸರಿನ ಕೆಲಸ. ವೈರಿನ ಬಣ್ಣ ಕಾರಿಗೊಂದು ತರಹ, ಬಣ್ಣವನ್ನು ನಂಬಬೇಡಿ. ಎರಡು ಪಿನ್ನಿನಲ್ಲಿ 12 ವೋಲ್ಟ್ ಕಂಡರೆ ಮೀಟರಿನಲ್ಲಿ ಹಾಕುವ 1.2 ವ್ಯಾಟಿನ ಪುಟ್ಟ ಬಲ್ಬ್ ಕೊಟ್ಟು ನೋಡಿ. ಸಪ್ಲೈ ಪಿನ್ನಿನಲ್ಲಿ ಅದು ಹತ್ತುತ್ತದೆ, ಸಿಗ್ನಲ್ ಪಿನ್ನಿನಲ್ಲಿ ಹತ್ತುವುದಿಲ್ಲ. 5 ವೋಲ್ಟ್ ಸಪ್ಲೈ ಇರುವ ಕಾರಿಗೆ ಬಲ್ಬ್ ಹಚ್ಚಬೇಡಿ, ಅದು ಇಸಿಯು ಒಳಗಿನಿಂದ ಬರುವ ಕರೆಂಟ್. ಕೊನೆಗೆ ಕೀ ಆಫ್ ಮಾಡಿ, ಅರ್ಥ್ ಪಿನ್ನಿನಿಂದ ಬ್ಯಾಟರಿ ಮೈನಸ್ಸಿಗೆ ಓಮ್ಸ್ ಅಳೆಯಿರಿ. 1 ಓಮಿಗಿಂತ ಕಡಿಮೆ ಇರಬೇಕು.

ಸಿಗ್ನಲ್ ಪಿನ್ನಿನಲ್ಲಿ ವೋಲ್ಟೇಜೇ ಇಲ್ಲದಿದ್ದರೆ ದಾರಿಯಲ್ಲಿ ವೈರ್ ಕಡಿದಿದೆ ಅಥವಾ ಎಲ್ಲೋ ಕಾರಿನ ಮೈಯ ಲೋಹಕ್ಕೆ ತಾಗಿದೆ. ವೋಲ್ಟೇಜ್ ಇದ್ದರೆ ಸೆನ್ಸರ್ ಇಲ್ಲದೆಯೇ ಮೀಟರನ್ನು ಪರೀಕ್ಷಿಸುವ ಒಂದು ಹಳೆಯ ಉಪಾಯವಿದೆ. ಒರಟು ಹಲ್ಲಿನ ಅರವನ್ನು (ಕಬ್ಬಿಣ ಉಜ್ಜುವ ಫೈಲ್) ಒಂದು ಕ್ಲಿಪ್ ವೈರಿನಿಂದ ಬ್ಯಾಟರಿ ಮೈನಸ್ಸಿಗೆ ಸೇರಿಸಿ. ಸಿಗ್ನಲ್ ಪಿನ್ನಿಗೆ ಇನ್ನೊಂದು ವೈರ್ ಸಿಕ್ಕಿಸಿ, ಅದರ ಬಿಚ್ಚಿದ ತುದಿಯನ್ನು ಕೀ ಆನ್ ಇದ್ದಾಗ ಅರದ ಹಲ್ಲುಗಳ ಮೇಲೆ ಎಳೆಯಿರಿ. ಹಲ್ಲಿಗೊಂದರಂತೆ ಸಿಗ್ನಲ್ ಹುಟ್ಟಿ ಮುಳ್ಳು ಜಿಗಿಯುತ್ತದೆ. ಜಿಗಿದರೆ ಮೀಟರೂ ಸರಿ, ಅಲ್ಲಿಯ ತನಕದ ವೈರೂ ಸರಿ. ಸಪ್ಲೈ ಪಿನ್ನಿಗೆ ಮಾತ್ರ ಹೀಗೆ ಮಾಡಬೇಡಿ, ಫ್ಯೂಸ್ ಸುಡುತ್ತದೆ.

ಸೆನ್ಸರಿನ ಪರೀಕ್ಷೆಗೆ ಚಕ್ರ ತಿರುಗಿಸಬೇಕು, ಇಲ್ಲಿಯೇ ಬಹಳ ಮಂದಿ ಎಡವುತ್ತಾರೆ. ಮುಂದಿನ ಎರಡೂ ಚಕ್ರ ಎತ್ತಿ ಒಂದನ್ನು ಕೈಯಿಂದ ತಿರುಗಿಸಿದರೆ ಇನ್ನೊಂದು ಉಲ್ಟಾ ತಿರುಗುತ್ತದೆ, ಡಿಫರೆನ್ಷಿಯಲ್ (ಎರಡೂ ಚಕ್ರಗಳಿಗೆ ತಿರುಗುವಿಕೆ ಹಂಚುವ ಗೇರ್ ಜೋಡಣೆ) ನಿಂತಲ್ಲೇ ನಿಂತಿರುತ್ತದೆ. ಸೆನ್ಸರ್ ಓದುವುದು ಡಿಫರೆನ್ಷಿಯಲ್ಲಿನ ತಿರುಗುವಿಕೆಯನ್ನು. ಹಾಗಾಗಿ ಒಳ್ಳೆಯ ಸೆನ್ಸರನ್ನೂ ಸತ್ತಿದೆ ಎಂದು ಎಸೆದುಬಿಡುತ್ತಾರೆ. ಒಂದೇ ಚಕ್ರ ಎತ್ತಿ, ಇನ್ನೊಂದು ನೆಲದ ಮೇಲಿರಲಿ. ಹಿಂದಿನ ಚಕ್ರಗಳಿಗೆ ಕಲ್ಲು ಕೊಡಿ, ಹ್ಯಾಂಡ್‌ಬ್ರೇಕ್ ಹಾಕಿ, ಜಾಕಿಯನ್ನು ನಂಬದೆ ಸ್ಟ್ಯಾಂಡ್ ಇಡಿ, ಗೇರ್ ನ್ಯೂಟ್ರಲ್‌ನಲ್ಲಿರಲಿ. ಕಪ್ಲರ್ ಹಾಕಿದ ಹಾಗೇ ಇಟ್ಟು, ಹಿಂಭಾಗದ ರಬ್ಬರ್ ಸಂದಿನಿಂದ ಗುಂಡುಸೂಜಿ ತೂರಿಸಿ ಸಿಗ್ನಲ್ ವೈರನ್ನು ಮುಟ್ಟಿ. ಕೀ ಆನ್ ಮಾಡಿ ಚಕ್ರವನ್ನು ಬಹಳ ನಿಧಾನವಾಗಿ ತಿರುಗಿಸಿದರೆ ಮಲ್ಟಿಮೀಟರ್ ಸೊನ್ನೆಯ ಹತ್ತಿರ, ಮತ್ತೆ 5 ಅಥವಾ 12, ಮತ್ತೆ ಸೊನ್ನೆ ಎಂದು ಬದಲಾಗುತ್ತಾ ಹೋಗಬೇಕು. ಜೋರಾಗಿ ತಿರುಗಿಸಿದರೆ ನಡುವಿನ ಯಾವುದೋ ಅಂಕಿ ತೋರಿಸುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. ಹೀಗೆ ತಿರುಗಿಸುತ್ತಿರುವಾಗ ಇನ್ನೊಬ್ಬರು ವೈರಿನ ಕಟ್ಟನ್ನು ಕಪ್ಲರಿನಿಂದ ಶುರುಮಾಡಿ ಗೇಣು ಗೇಣಾಗಿ ಅಲ್ಲಾಡಿಸುತ್ತಾ ಹೋಗಲಿ. ಬದಲಾವಣೆ ನಿಂತ ಜಾಗವೇ ಗಾಯದ ಜಾಗ. ಮೂರು ವೈರಿನ ಈ ಹಾಲ್ ಸೆನ್ಸರನ್ನು (ಅಯಸ್ಕಾಂತದ ಬದಲಾವಣೆ ಗುರುತಿಸುವ ಸೆನ್ಸರ್) ಓಮ್ಸ್‌ನಲ್ಲಿ ಅಳೆದು ತೀರ್ಪು ಕೊಡುವವರ ಮಾತು ಕೇಳಬೇಡಿ, ಒಳಗೆ ಇರುವುದು ಚಿಪ್, ಸುರುಳಿಯಲ್ಲ.

ಕ್ಲಚ್ ಕೆಲಸದ ನಂತರ ವೈರ್ ಹೆಚ್ಚಾಗಿ ಪೆಟ್ಟು ತಿನ್ನುವುದು ಎರಡು ಕಡೆ: ಗೇರ್‌ಬಾಕ್ಸ್ ಮತ್ತು ಎಂಜಿನ್ ಸೇರುವ ಅಂಚಿನಲ್ಲಿ ಸಿಕ್ಕಿ ನಜ್ಜಾಗುತ್ತದೆ, ಇಲ್ಲವೇ ಕ್ಲಿಪ್ಪಿಗೆ ಕೂರಿಸದೆ ಬಿಟ್ಟಾಗ ಸೈಲೆನ್ಸರ್ ಪೈಪಿಗೆ ತಾಗಿ ಕರಗುತ್ತದೆ. ನಿಮ್ಮದು ಭತ್ತದ ಸೀಮೆ, ಇಲಿಯ ಹಲ್ಲಿನ ಗುರುತನ್ನೂ ನೋಡಿ. ಗಾಯ ಸಿಕ್ಕರೆ ಬ್ಯಾಟರಿ ಮೈನಸ್ ಬಿಚ್ಚಿ, ಹಳೆಯ ಭಾಗ ಕತ್ತರಿಸಿ, 0.5 ಚದರ ಎಂಎಂ ವಾಹನದ ವೈರ್ ಸೇರಿಸಿ ಬೆಸುಗೆ ಹಾಕಿ ಹೀಟ್ ಶ್ರಿಂಕ್ (ಬಿಸಿಗೆ ಕುಗ್ಗಿ ಬಿಗಿಯುವ ಪ್ಲಾಸ್ಟಿಕ್ ಕೊಳವೆ) ಏರಿಸಿ. ಹೊಸೆದು ಟೇಪ್ ಸುತ್ತಿದ್ದು ನಮ್ಮ ಏಪ್ರಿಲ್, ಮೇ ಬಿಸಿಲಿಗೆ ಬಾನೆಟ್ ಕೆಳಗೆ ಅಂಟು ಬಿಟ್ಟು ಬಿಚ್ಚಿಕೊಳ್ಳುತ್ತದೆ.

ಗೇರ್‌ಬಾಕ್ಸಿನಿಂದ ಕಾರಿನ ಮೈಯ ಲೋಹಕ್ಕೆ ಇರುವ ದಪ್ಪ ಅರ್ಥ್ ಪಟ್ಟಿಯನ್ನೂ ಮರೆಯಬೇಡಿ. ಕ್ಲಚ್ ಹಾಕಿದ ಮೇಲೆ ಅದನ್ನು ಮತ್ತೆ ಬಿಗಿಯದೆ ಬಿಟ್ಟ ಕಾರುಗಳು ಕಡಿಮೆಯಿಲ್ಲ. ಆಗ ಸ್ಟಾರ್ಟರಿನ ಕರೆಂಟ್ ಕ್ಲಚ್ ಕೇಬಲ್, ಸೆನ್ಸರ್ ವೈರ್ ಹೀಗೆ ಸಿಕ್ಕ ದಾರಿಯಲ್ಲಿ ವಾಪಸ್ಸಾಗುತ್ತದೆ. ಪರೀಕ್ಷೆ ಸುಲಭ: ಮಲ್ಟಿಮೀಟರ್ ಕಪ್ಪು ತುದಿ ಬ್ಯಾಟರಿ ಮೈನಸ್ಸಿಗೆ, ಕೆಂಪು ಗೇರ್‌ಬಾಕ್ಸಿನ ಬರಿ ಲೋಹಕ್ಕೆ ಇಟ್ಟು ಸೆಲ್ಫ್ ಹೊಡೆಯಿರಿ. 0.3 ವೋಲ್ಟ್ ಒಳಗಿದ್ದರೆ ಸರಿ. 0.5 ದಾಟಿದರೆ ಪಟ್ಟಿ ಬಿಚ್ಚಿ, ತುಕ್ಕು ಕೆರೆದು ಬಿಗಿ ಮಾಡಿ.

ವೈರ್ ಎಲ್ಲ ಸರಿ, ಆದರೂ ಚಕ್ರ ತಿರುಗಿಸಿದಾಗ ವೋಲ್ಟೇಜ್ ಬದಲಾಗದಿದ್ದರೆ ಸೆನ್ಸರ್ ಹೊರತೆಗೆಯಿರಿ. ಸುತ್ತಲಿನ ಮಣ್ಣನ್ನು ಮೊದಲು ಒರೆಸಿ, ಗೇರ್‌ಬಾಕ್ಸಿನೊಳಗೆ ಬೀಳಬಾರದು. ಹತ್ತರ ತಲೆಯ ಒಂದೇ ಬೋಲ್ಟ್ ಇರುತ್ತದೆ, ತೆಗೆದು ಅತ್ತಿತ್ತ ತಿರುಚಿ ಮೇಲಕ್ಕೆ ಎಳೆಯಿರಿ. ತುದಿಯಲ್ಲಿ ಪ್ಲಾಸ್ಟಿಕ್ ಗೇರ್ ಇರುವ ಮಾದರಿಯಾದರೆ ಹಲ್ಲು ನೋಡಿ: ಒಂದು ಕಡೆ ಮಾತ್ರ ಮುರಿದಿದ್ದರೆ ಕೂರಿಸುವಾಗ ಬಲವಂತ ಮಾಡಿದ್ದಾರೆ, ಸುತ್ತಲೂ ಸವೆದಿದ್ದರೆ ವಯಸ್ಸಾಗಿದೆ. ಗೇರ್ ಚೆನ್ನಾಗಿದ್ದರೆ ಸೆನ್ಸರನ್ನು ಕಪ್ಲರಿಗೆ ಸೇರಿಸಿ ಕೈಯಲ್ಲೇ ಗೇರ್ ತಿರುಗಿಸಿ ಮತ್ತೆ ಅಳೆಯಿರಿ. ಬಿಸಿಯಾದಾಗ ಮಾತ್ರ ಸಾಯುವ ಸೆನ್ಸರುಗಳೂ ಇವೆ. ಬೆಳಿಗ್ಗೆ ಸರಿಯಿದ್ದು ಮಧ್ಯಾಹ್ನ ಅರ್ಧ ಗಂಟೆ ಓಡಿದ ಮೇಲೆ ಕೈಕೊಡುವುದು ಅದರ ಗುರುತು. ಹೇರ್ ಡ್ರೈಯರಿನಿಂದ ಎರಡು ನಿಮಿಷ ಬಿಸಿ ಮಾಡಿ ಅಳೆದರೆ ಸಿಕ್ಕಿಬೀಳುತ್ತದೆ.

ಹೊಸದನ್ನು ಕೂರಿಸುವಾಗ ಓ-ರಿಂಗ್ (ಎಣ್ಣೆ ಸೋರದಂತೆ ತಡೆಯುವ ರಬ್ಬರ್ ಉಂಗುರ) ಹೊಸದೇ ಇರಲಿ, ಅದಕ್ಕೆ ಒಂದು ಹನಿ ಗೇರ್ ಆಯಿಲ್ ಹಚ್ಚಿ. ಹಲ್ಲು ಕೂಡದಿದ್ದರೆ ಬಡಿಯಬೇಡಿ, ಚಕ್ರವನ್ನು ಸ್ವಲ್ಪ ತಿರುಗಿಸಿದರೆ ತಾನೇ ಇಳಿಯುತ್ತದೆ. ಬೋಲ್ಟಿಗೆ 10 ನ್ಯೂಟನ್ ಮೀಟರ್ ಬಿಗಿ ಸಾಕು, ಹೆಚ್ಚಾದರೆ ಅಲ್ಯೂಮಿನಿಯಂ ಗೇರ್‌ಬಾಕ್ಸಿನ ತಿರುಪಿನ ಮರೆ ಕಿತ್ತುಬರುತ್ತದೆ. ಗೇರ್ ಆಯಿಲ್ ಮಟ್ಟ ನೋಡಿ, ಕ್ಲಚ್ ಕೆಲಸದಲ್ಲಿ ಚೆಲ್ಲಿದ್ದನ್ನು ಪೂರ್ತಿ ತುಂಬಿರುವುದಿಲ್ಲ. ಕೊನೆಗೆ ಸ್ಕ್ಯಾನರಿನಿಂದ ಕೋಡ್ ಅಳಿಸಿ.

ಇಷ್ಟೆಲ್ಲ ಆಗಿ ಅರದ ಪರೀಕ್ಷೆಗೆ ಮುಳ್ಳು ಜಿಗಿಯದಿದ್ದರೆ ಆಗ ಮೀಟರ್ ಬಿಚ್ಚಿಸಿ. ಮೊದಲು ಹಿಂಬದಿಯ ಕಪ್ಲರಿನ ಪಿನ್ನುಗಳ ಬೆಸುಗೆಯನ್ನು ಭೂತಗನ್ನಡಿಯಲ್ಲಿ ನೋಡಬೇಕು. ರಾಯಚೂರಿನ ಬಿಸಿಲಲ್ಲಿ ನಿಲ್ಲುವ ಕಾರಿನ ಡ್ಯಾಶ್‌ಬೋರ್ಡ್ ಹಗಲು ಕಾದು ರಾತ್ರಿ ತಣ್ಣಗಾಗುತ್ತಾ ಪಿನ್ನಿನ ಸುತ್ತ ಉಂಗುರದಂಥ ಬಿರುಕು ಬಿಡುತ್ತದೆ. 25 ವ್ಯಾಟ್ ಐರನ್ನಿನಿಂದ ಮತ್ತೆ ಬೆಸೆದರೆ ಸರಿ. ಮುಳ್ಳಿನ ಸ್ಟೆಪ್ಪರ್ ಮೋಟಾರ್ (ಮುಳ್ಳನ್ನು ತಿರುಗಿಸುವ ಪುಟ್ಟ ಮೋಟಾರ್) ಹೋಗಿದ್ದರೂ ಅದೊಂದನ್ನೇ ಬದಲಿಸಬಹುದು. ಹಲವು ಮೀಟರುಗಳಲ್ಲಿ ಬರುವ ಎಕ್ಸ್27.168 ಮಾದರಿಯ ಸುರುಳಿ ಸುಮಾರು 280 ಓಮ್ ತೋರಿಸಬೇಕು. ಸೆಕೆಂಡ್ ಹ್ಯಾಂಡ್ ಮೀಟರ್ ಕೊನೆಯ ದಾರಿ. ಕಿಲೋಮೀಟರ್ ಅಂಕಿ ಮೀಟರಿನ ಎಲೆಕ್ಟ್ರಾನಿಕ್ ಚಿಪ್‌ನಲ್ಲಿರುತ್ತದೆ, ಹಾಗಾಗಿ ನಿಮ್ಮ ಕಾರು ಬೇರೆಯವರ ಕಾರಿನ ಕಿಲೋಮೀಟರ್ ತೋರಿಸಲು ಶುರುಮಾಡುತ್ತದೆ. ಇಮ್ಮೊಬಿಲೈಸರ್ (ಸರಿಯಾದ ಕೀ ಇಲ್ಲದೆ ಎಂಜಿನ್ ಶುರುವಾಗದಂತೆ ತಡೆಯುವ ವ್ಯವಸ್ಥೆ) ಮೀಟರಿನೊಳಗೇ ಇರುವ ಕಾರಾದರೆ ಎಂಜಿನ್ ಶುರುವೇ ಆಗದಿರಬಹುದು. ಹಾಕಿಸಲೇಬೇಕಾಗಿ ಬಂದರೆ ಹಳೆಯ ಮತ್ತು ಹೊಸ ಅಂಕಿ ಎರಡನ್ನೂ ಬಿಲ್ಲಿನಲ್ಲಿ ಬರೆಸಿ, ಮಾರುವಾಗ ಕೊಳ್ಳುವವರಿಗೆ ತೋರಿಸಿ.

ಬೇರೆ ಕಾರಿನವರಿಗೂ ಎರಡು ಮಾತು. ಹಳೆಯ ಮಾರುತಿ 800, ಅಂಬಾಸಿಡರ್‌ಗಳಲ್ಲಿ ಸೆನ್ಸರ್ ಇಲ್ಲ, ಗೇರ್‌ಬಾಕ್ಸಿನಿಂದ ಕೇಬಲ್ ತಿರುಗುತ್ತಾ ಬಂದು ಮೀಟರಿನ ಅಯಸ್ಕಾಂತವನ್ನು ತಿರುಗಿಸುತ್ತದೆ. ಮುಳ್ಳು 20ರಿಂದ 40ರ ನಡುವೆ ತೂಗಾಡಿದರೆ ಒಳಕೇಬಲ್ ಒಣಗಿದೆ ಅಥವಾ ಮಡಚಿದೆ. ಒಳಕೇಬಲ್ ಎಳೆದು ತೆಗೆದು ಸೀಮೆಎಣ್ಣೆಯಲ್ಲಿ ಒರೆಸಿ, ಗಾಜಿನ ಮೇಲೆ ಉರುಳಿಸಿ. ಒಂದು ಕಡೆ ಕುಪ್ಪಳಿಸಿದರೆ ಮಡಿಕೆ ಇದೆ, ಬದಲಿಸಿ. ನೆಟ್ಟಗಿದ್ದರೆ ಕೆಳಗಿನ ಮುಕ್ಕಾಲು ಭಾಗಕ್ಕೆ ಮಾತ್ರ ತೆಳುವಾಗಿ ಗ್ರೀಸ್ ಸವರಿ. ಮೀಟರ್ ಕಡೆಯ 15 ಸೆಂ.ಮೀ. ಒಣಗಿರಲಿ, ಇಲ್ಲದಿದ್ದರೆ ಗ್ರೀಸ್ ಮೇಲೇರಿ ಮೀಟರಿನೊಳಗಿನ ಅಲ್ಯೂಮಿನಿಯಂ ಬಟ್ಟಲಿಗೆ ಅಂಟಿ ಮುಳ್ಳು ಕೊನೆಗೆ ಹೋಗಿ ಸಿಕ್ಕಿಕೊಳ್ಳುತ್ತದೆ. ಜಪಾನಿ ಮಾದರಿಯ ಮೀಟರುಗಳಲ್ಲಿ ಕೇಬಲ್ ನಿಮಿಷಕ್ಕೆ 637 ಸುತ್ತು ತಿರುಗಿದಾಗ ಮುಳ್ಳು 60 ತೋರಿಸಬೇಕು.

ಎಬಿಎಸ್ ಇರುವ ಕಾರುಗಳಲ್ಲಿ ವೇಗ ಹೆಚ್ಚಾಗಿ ಚಕ್ರದ ಸೆನ್ಸರುಗಳಿಂದ ಬರುತ್ತದೆ. ಮುಳ್ಳಿನ ಜೊತೆ ಎಬಿಎಸ್ ದೀಪವೂ ಹತ್ತಿದರೆ ಗೇರ್‌ಬಾಕ್ಸ್ ಕಡೆ ಹೋಗಬೇಡಿ. ಸ್ಕ್ಯಾನರಿನಲ್ಲಿ ನಾಲ್ಕೂ ಚಕ್ರದ ವೇಗ ತೆರೆದು 20ರಲ್ಲಿ ಓಡಿಸಿದರೆ ಹಿಂದೆ ಬೀಳುವ ಚಕ್ರ ಕಾಣುತ್ತದೆ. ಎರೆಮಣ್ಣಿನ ದಾರಿಯಲ್ಲಿ ಓಡುವ ಕಾರುಗಳಲ್ಲಿ ಚಕ್ರದೊಳಗೆ ಮೆತ್ತಿದ ಮಣ್ಣು ಒಣಗಿ ಗಟ್ಟಿಯಾಗಿ ಸೆನ್ಸರ್ ವೈರನ್ನು ಎಳೆದು ಕಡಿಯುತ್ತದೆ. ತೋರಣಗಲ್ಲು, ಸಂಡೂರು ಕಡೆ ಓಡುವವರು ಬೇರಿಂಗಿನ ಅಯಸ್ಕಾಂತದ ಉಂಗುರದ ಮೇಲೆ ಅದಿರಿನ ಧೂಳು, ಬ್ರೇಕ್ ಡಿಸ್ಕಿನ ಕಬ್ಬಿಣದ ಪುಡಿ ಕೂತಿದೆಯೇ ನೋಡಿ, ಬಟ್ಟೆಯಿಂದ ಒರೆಸಿ. 2019ರ ಜುಲೈ ನಂತರದ ಕಾರಾದರೆ ಇನ್ನೊಂದು ಸುಳಿವು: ಮುಳ್ಳು ಸತ್ತಿದ್ದರೂ 80 ದಾಟಿದಾಗ ಬೀಪ್ ಬರುತ್ತಿದ್ದರೆ ವೇಗದ ಮಾಹಿತಿ ಮೀಟರಿಗೆ ತಲುಪುತ್ತಿದೆ, ಮುಳ್ಳಿನ ಮೋಟಾರ್ ಮಾತ್ರ ಹೋಗಿದೆ.

ರಿಪೇರಿ ಆದ ಮೇಲೆ ಮೊಬೈಲ್ ಜಿಪಿಎಸ್ ಜೊತೆ ಹೋಲಿಸುತ್ತೀರಿ, ಮೀಟರ್ ಸ್ವಲ್ಪ ಹೆಚ್ಚು ತೋರಿಸುತ್ತದೆ. ಅದು ದೋಷವಲ್ಲ. ವಿಶ್ವಸಂಸ್ಥೆಯ ವಾಹನ ನಿಯಮ 39ರ ಪ್ರಕಾರ ಮೀಟರ್ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುವಂತಿಲ್ಲ. ಹೆಚ್ಚು ತೋರಿಸಿದರೆ ನಿಜ ವೇಗದ ಹತ್ತನೇ ಒಂದು ಭಾಗಕ್ಕೆ 4 ಕೂಡಿಸಿದಷ್ಟರೊಳಗಿರಬೇಕು. ನಿಜ ವೇಗ 80 ಇದ್ದಾಗ 92ರ ತನಕ ಅವಕಾಶವಿದೆ. ಟೈರ್ ಅಳತೆ ಬದಲಾಗಿದ್ದರೆ ಲೆಕ್ಕವೂ ಬದಲಾಗುತ್ತದೆ. 145/80 ಆರ್13 ತೆಗೆದು 155/80 ಆರ್13 ಹಾಕಿದರೆ ಚಕ್ರದ ವ್ಯಾಸ 562ರಿಂದ 578 ಎಂಎಂ ಆಗುತ್ತದೆ, ಮುಳ್ಳು ಮೊದಲಿಗಿಂತ ಶೇಕಡ 3ರಷ್ಟು ಕಡಿಮೆ ತೋರಿಸುತ್ತದೆ.

ಕಿಲೋಮೀಟರ್ ಅಂಕಿಯನ್ನು ಮಾತ್ರ ರಸ್ತೆಯ ಕಲ್ಲಿಗೆ ಹೋಲಿಸಿಯೇ ನೋಡಿ. ಸಿಂಧನೂರಿನಿಂದ ಸಿರುಗುಪ್ಪ ಕಡೆಗೆ ಹೋಗುವಾಗ ಒಂದು ಕಲ್ಲಿನ ಬಳಿ ಟ್ರಿಪ್ ಮೀಟರ್ ಸೊನ್ನೆ ಮಾಡಿ, ಅದನ್ನು ಎಣಿಸದೆ ಮುಂದಿನ ಹತ್ತನೇ ಕಿಲೋಮೀಟರ್ ಕಲ್ಲಿನ ಬಳಿ ಓದಿ. 9.7ರಿಂದ 10.3ರೊಳಗೆ ಬಂದರೆ ಸರಿಯಾದ ಸೆನ್ಸರೇ ಬಿದ್ದಿದೆ. 9 ಅಥವಾ 11 ಬಂದರೆ ಬೇರೆ ಮಾಡೆಲ್ಲಿನ ಗೇರ್ ಇರುವ ಸೆನ್ಸರ್ ಹಾಕಿದ್ದಾರೆ. ಹಳೆಯದನ್ನು ಜೊತೆಗೆ ಒಯ್ದು, ಹಲ್ಲು ಎಣಿಸಿ, ಅಂಗಡಿಯಲ್ಲಿ ಬದಲಿಸಿಕೊಂಡು ಬನ್ನಿ.